ಪಿಚರ್ ಹುಡುಗಿಯ ವಯಸ್ಸು

ಭಾನುವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅಂಬೇವಾಡಿಯ ಮೈದಾನಕ್ಕೆ ಬಾರದ ಹುಡುಗಿಗೆ ಅವತ್ತು ನಾನು ಬ್ಯಾಟು ಮುಟ್ಟಗೊಡುತ್ತಿರಲಿಲ್ಲ. ಜ್ವರ ಬಂತು, ಬಸ್ಸು ತಪ್ಪಿತು, ಮನೆಗೆ ನೆಂಟರು ಬಂದರು, ಇಂಥ ಯಾವ ಕಥೆಯೂ ನನ್ನ ಹತ್ತಿರ ನಡೆಯುತ್ತಿರಲಿಲ್ಲ. ತಡವಾಗಿ ಬಂದವಳು, ಓಡುವವರು ಮುಟ್ಟಬೇಕಾದ 'ಬೇಸ್' ಗುರುತಿಗೆಂದು ಇಡುವ ಚೀಲ ಹೊತ್ತು ಮೈದಾನ ಸುತ್ತಬೇಕು. ಗೋಣಿಯಲ್ಲಿ ಕಟ್ಟಿಗೆ ಅಡ್ಡೆಯ ಹೊಟ್ಟು ತುಂಬಿ ನಾನೇ ಹೊಲಿದ ಚೀಲಗಳು ಅವು. ಒಂದು ಮಳೆ ಬಿದ್ದರೆ ನೀರು ಕುಡಿದು ಕಲ್ಲಿನಷ್ಟು ಭಾರವಾಗುತ್ತಿದ್ದವು. ಹುಡುಗಿಯರು ಅಳುತ್ತಿದ್ದರು. ಅತ್ತರೆ ಇನ್ನೊಂದು ಸುತ್ತು.

ಧಾರವಾಡದಲ್ಲಿ ಕಾಲೇಜು ಓದುವಾಗ ನಾನು ಸಾಫ್ಟ್‌ಬಾಲ್ ಆಡಿದವಳು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ದಾಂಡೇಲಿಗೆ ವರ್ಗವಾಗಿ ಬಂದ ಮೇಲೆ, ಓಣಿಯ ತಾಯಂದಿರನ್ನು ಕೂಡಿಸಿ ಹುಡುಗಿಯರ ತಂಡ ಕಟ್ಟಿದೆ. ಪ್ರತಿ ಮನೆಯಿಂದ ಒಪ್ಪಿಗೆ ಪತ್ರ ತರಿಸಿದೆ. ವಾರಕ್ಕೊಬ್ಬ ತಾಯಿ ಸರದಿಯಲ್ಲಿ ಅವಲಕ್ಕಿ ಮಾಡಿ ತರಬೇಕು, ಇನ್ನೊಬ್ಬಳು ನೆರಳಲ್ಲಿ ಕೂತು ಓಟಗಳನ್ನು ಬರೆಯಬೇಕು. ಮೈದಾನದಲ್ಲಿ ನಿಲ್ಲುವವರು ಒಂಬತ್ತು ಜನ, ನಮ್ಮ ಹತ್ತಿರ ಇದ್ದದ್ದು ಏಳು ಗ್ಲೌಸು. ಇಬ್ಬರು ಬರಿಗೈಯಲ್ಲಿ ಚೆಂಡು ಹಿಡಿಯಬೇಕು. ಆ ಇಬ್ಬರು ಯಾರೆಂದು ನಾನೇ ತೀರ್ಮಾನಿಸುತ್ತಿದ್ದೆ. ಹಿಂದಿನ ವಾರ ಎದುರುತ್ತರ ಕೊಟ್ಟವರು ತಮ್ಮ ಹೆಸರು ಕರೆಯುವ ಮೊದಲೇ ಕೈ ಉಜ್ಜಿಕೊಳ್ಳುತ್ತ ಹೋಗಿ ನಿಲ್ಲುತ್ತಿದ್ದರು.

ಒಮ್ಮೆಯೂ ತಡಮಾಡದವಳು ಒಬ್ಬಳೇ, ಜೋಯಿಡಾ ಕಡೆಯ ಒಂದು ಸಿದ್ದಿ ಕೇರಿಯ ಹುಡುಗಿ. ಅವಳ ಅವ್ವ ಕುಳಗಿ ರಸ್ತೆಯ ಒಂದು ರೆಸಾರ್ಟಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಪ್ಪ ಇರಲಿಲ್ಲ. ತಾಯಿ ಮಗಳು ಮೊದಲ ಬಸ್ಸಿಗೆ ಬಂದು, ನಾನು ಬೀಗದ ಕೈ ತರುವವರೆಗೂ ಸಾಮಾನು ಕೋಣೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.

ಪಿಚರ್ ಎಂದರೆ ಬ್ಯಾಟು ಹಿಡಿದವಳ ಕಡೆಗೆ ಚೆಂಡು ಎಸೆಯುವವಳು. ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು. ಬೇರೆ ಹುಡುಗಿಯರಿಗೆ ಅದನ್ನು ಕಲಿಸಲು ನನಗೆ ವರ್ಷ ಹಿಡಿಯುತ್ತಿತ್ತು. ಇವಳು ಗದ್ದೆಗೆ ಬರುವ ಮಂಗಗಳಿಗೆ ಕಲ್ಲು ಬೀಸಿ ಬೆಳೆದವಳು, ಒಂದೇ ವಾರದಲ್ಲಿ ಕಲಿತಳು. ಅವಳ ಚೆಂಡು ಬಿದ್ದ ಸದ್ದಿಗೆ ಹಿಡಿಯುವ ಹುಡುಗಿ ಪ್ರತಿ ಸಲ ಕಣ್ಣು ಮುಚ್ಚುತ್ತಿದ್ದಳು.

ಉಳಿದವರು ಅವಳನ್ನು ಸಹಿಸಲಿಲ್ಲ. ಅವಳು ಕುಡಿದ ಲೋಟವನ್ನು ಮೂರು ಸಲ ತೊಳೆಯುತ್ತಿದ್ದರು. ಆಮೇಲೆ ತಾಯಂದಿರೇ ಮಕ್ಕಳ ಕೈಗೆ ಬೇರೆ ಬೇರೆ ಬಾಟಲಿ ಕೊಟ್ಟು ಕಳಿಸಿದರು, ಶುಚಿತ್ವಕ್ಕಂತೆ. ಒಂದು ದಿನ ಹೆಲ್ಮೆಟ್ಟು ಅವಳ ಬಿಗಿಯಾದ ಜಡೆಗಳ ಮೇಲೆ ಕೂರದೆ ಗಡಿಗೆಯ ಮೇಲಿನ ಮುಚ್ಚಳದಂತೆ ಅಲುಗಾಡಿತು. ಮೈದಾನಕ್ಕೆ ಮೈದಾನವೇ ನಕ್ಕಿತು. ನಾನೂ ಹಲ್ಲು ಕಿರಿದೆ. "ಮುಂದಿನ ವಾರ ತಲಿ ಸಣ್ಣ ಮಾಡ್ಕೊಂಡ ಬಾ," ಎಂದೆ. ಮುಂದಿನ ಭಾನುವಾರ ಅವಳು ಕೂದಲನ್ನು ಬುಡಕ್ಕೆ ಕತ್ತರಿಸಿಕೊಂಡು ಬಂದಳು. ತಮಾಷೆಗೆ ಹೇಳಿದ್ದು ಎನ್ನಲು ನನಗೆ ಬಾಯಿ ಬರಲಿಲ್ಲ. ಹೆಲ್ಮೆಟ್ಟು ಈಗ ಸರಿಯಾಗಿ ಕೂತಿತು ಎಂದು ಬೆನ್ನು ತಟ್ಟಿದೆ.

ಆ ವರ್ಷ ಹದಿನಾಲ್ಕರ ಒಳಗಿನವರ ಆಯ್ಕೆ ಹಳಿಯಾಳದಲ್ಲಿ ಇತ್ತು. ಆಯ್ಕೆಯಾದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಊಟ, ಓದು, ಬೂಟು, ಎಲ್ಲವೂ ಅವರದೇ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು, ಇದೊಂದೇ ಅವಕಾಶ.

"ಅಕ್ಕೋರ, ಹೆಂಗಾರ ಮಾಡಿ ಆ ಸೀಟ್ ಕೊಡಸ್ರಿ," ಎಂದು ಅವಳವ್ವ ನನ್ನ ಕೈ ಹಿಡಿದಳು. "ಇಲ್ಲಾಂದ್ರ ಇಕೀನೂ ನನ್ನಂಗ ಮಂದಿ ಎಂಜಲಾ ತೊಳೀತಾಳ್ರಿ."

"ಇಕಿ ಚೆಂಡ ಇಕೀಗೆ ಸೀಟ್ ಕೊಡಸ್ತೈತಿ, ಸುಮ್ಮನಿರು," ಎಂದೆ. ಖಂಡಿತ ನಂಬಿಯೇ ಹಾಗೆ ಹೇಳಿದೆ.

ಇಲ್ಲೊಂದು ಹಳೆಯ ಮಾತು ಹೇಳಲೇಬೇಕು. ಒಂಬತ್ತು ವರ್ಷ ಹಿಂದೆ ಇವರ ಕೇರಿಯ ಶಾಲೆಗೆ ಇದ್ದ ಒಬ್ಬಳೇ ಶಿಕ್ಷಕಿ ನಾನು. ಆ ಜೂನಿನಲ್ಲಿ ಒಂದು ಮಗು ಕಡಿಮೆ ಬಿತ್ತು. ಸಂಖ್ಯೆ ತುಂಬದಿದ್ದರೆ ಶಾಲೆ ಮುಚ್ಚುತ್ತಾರೆ, ನನ್ನನ್ನು ಯಾವ ಮೂಲೆಗೆ ಎಸೆಯುತ್ತಾರೋ ಗೊತ್ತಿಲ್ಲ. ದಾಂಡೇಲಿಯ ನನ್ನ ಮನೆಯಿಂದ ಆ ಶಾಲೆಗೆ ಒಂದೇ ಬಸ್ಸು. ಶಾಲೆಯ ಮೇಲಿನ ಪ್ರೀತಿಗಿಂತ ಆ ಬಸ್ಸಿನ ಮೇಲೆ ನನಗೆ ಪ್ರೀತಿ ಹೆಚ್ಚಿತ್ತು. ಹಾಗಾಗಿ ಈ ಹುಡುಗಿಯ ಮನೆಗೆ ಹೋದೆ. ಆಗ ಅವಳಿಗೆ ನಾಲ್ಕು ವರ್ಷ. ಅವಳವ್ವ ಬೇಡವೆಂದರೂ ಕೇಳದೆ ಎತ್ತಿಕೊಂಡು ಬಂದು, ಆರು ವರ್ಷವೆಂದು ಬರೆದು ಒಂದನೆಯ ತರಗತಿಗೆ ಸೇರಿಸಿದೆ. ಹುಟ್ಟಿದ ದಿನ ಜೂನ್ ಒಂದು. ನಮ್ಮ ಕಡೆಯ ಶಾಲೆಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದರಂದೇ ಹುಟ್ಟಿದವರು. ಹೆತ್ತವರಿಗೆ ತಾರೀಖು ನೆನಪಿರದಿದ್ದರೆ, ನೆನಪಿದ್ದರೂ ನಮಗೆ ಒಗ್ಗದಿದ್ದರೆ, ಮಾಸ್ತರರು ಬರೆಯುವುದು ಅದನ್ನೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ನಾನು ಬರೆದದ್ದು ಒಂದೇ ಸುಳ್ಳು ಎಂದುಕೊಂಡೆ. ಎರಡು ವರ್ಷಕ್ಕೆ ಶಾಲೆ ಹೇಗಿದ್ದರೂ ಮುಚ್ಚಿತು.

ಆಯ್ಕೆಗೆ ಅರ್ಜಿ ಹಾಕುವಾಗ ಇದು ನನಗೆ ನೆನಪಿತ್ತು. ಅದಕ್ಕೇ ಶಾಲೆಯ ದಾಖಲೆ ಬಿಟ್ಟು ಆಸ್ಪತ್ರೆಯ ಜನನ ಪತ್ರ ತರಿಸಿದೆ. ಅದರಲ್ಲಿ ಅವಳ ನಿಜವಾದ ವಯಸ್ಸು ಇತ್ತು, ಹದಿಮೂರು. ಮುಚ್ಚಿದ ಶಾಲೆಯ ರಿಜಿಸ್ಟರನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ?

ಹಳಿಯಾಳದ ಕಾಳಿನ ವ್ಯಾಪಾರಿಯೊಬ್ಬ ಆಯ್ಕೆಯ ದಿನಕ್ಕೆ ಮೊದಲೇ ಹುಡುಕಿಕೊಂಡು ಹೋಗಿದ್ದ. ಅವನ ಮಗಳೂ ಪಿಚರ್, ಹಾಸ್ಟೆಲಿಗೆ ಆಯ್ಕೆಯಾಗುವ ಪಿಚರ್ ಒಬ್ಬಳೇ. ಬೆಳಗಿನ ಆಟದಲ್ಲಿ ನಮ್ಮ ಹುಡುಗಿ ಆ ಮಗಳನ್ನು ಮೂರು ಚೆಂಡಿಗೆ ಔಟು ಮಾಡಿ ಕಳಿಸಿದ್ದಳು. ಮಧ್ಯಾಹ್ನ ಪಟ್ಟಿ ಓದುವ ಹೊತ್ತಿಗೆ ಅವನು ಶಾಮಿಯಾನದ ಕೆಳಗೆ ಬಂದು ಆಯ್ಕೆಯ ಅಧಿಕಾರಿಯ ಮೇಜಿನ ಮೇಲೆ ಒಂದು ಜೆರಾಕ್ಸ್ ಇಟ್ಟ.

"ಹತ್ತನೇತ್ತಾ ಓದೂ ಹುಡುಗಿಗೆ ಹದಿಮೂರು ಹೆಂಗ ಆಗ್ತೈತ್ರಿ ಸಾಹೇಬ್ರ? ನೋಡ್ರಿ, ಸಾಲಿ ರಿಜಿಸ್ಟರದಾಗ ಹದಿನೈದು ಐತಿ."

ಅಧಿಕಾರಿ ಕಾಗದ ನೋಡಿದ, ಕೆಳಗಿನ ಸಹಿ ನೋಡಿದ, ನನ್ನನ್ನು ಕರೆದ. ಹುಡುಗಿಯೂ ಅವಳವ್ವನೂ ನನ್ನ ಹಿಂದೆಯೇ ಬಂದು ನಿಂತರು.

"ಅಕ್ಕೋರ, ಈ ಸಹಿ ನಿಮ್ಮದ ಅಲ್ಲೇನ್ರಿ?"

"ಹೌದ್ರಿ."

"ಹಂಗಾದ್ರ ಯಾವ ಕಾಗದ ಖರೇರಿ? ನೀವು ಬರದದ್ದೋ, ಆಸ್ಪತ್ರೀದೋ?"

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸುಳ್ಳು ದಾಖಲಾತಿ ಎಂದರೆ ಅಮಾನತು, ವಿಚಾರಣೆ, ಪತ್ರಿಕೆಯಲ್ಲಿ ಹೆಸರು. ಇದೆಲ್ಲ ನನ್ನ ತಲೆಯಲ್ಲಿ ಓಡಲು ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ನಾನು ತಡವರಿಸಲೂ ಇಲ್ಲ.

"ರಿಜಿಸ್ಟರ್ ಖರೇ ಐತ್ರಿ," ಎಂದೆ. "ಆಸ್ಪತ್ರಿ ಕಾಗದ ಅಕಿ ತಾಯಿ ತಂದಕೊಟ್ಟದ್ದು. ನಾ ನಂಬಿದ್ದೆ."

ಅವಳವ್ವ ಮೊದಲು ನಕ್ಕಳು. ನಾನು ಹೇಳಿದ್ದು ಅವಳಿಗೆ ಸರಿಯಾಗಿ ತಿಳಿದಿರಲಿಲ್ಲವೇನೋ. ಆಮೇಲೆ ಮುಂದೆ ಬಂದಳು.

"ಅಕ್ಕೋರ, ನೀವ ಅಲ್ಲೇನ್ರಿ ಮನೀಗೆ ಬಂದಿದ್ದು? ಇನ್ನೂ ಸಣ್ಣ ಕೂಸು, ಬ್ಯಾಡ್ರಿ ಅಂದ್ರೂ ಕಂಕಳಾಗ ಎತ್ಕೊಂಡು ಹೋದ್ರಿ. ನೆನಪ ಮಾಡ್ಕೋರಿ."

"ನಂಗ ಹಂಗೇನೂ ನೆನಪಿಲ್ಲ," ಎಂದೆ.

ಅವಳು ಅಧಿಕಾರಿಯ ಕಡೆ ತಿರುಗಿದಳು. "ಸಾಹೇಬ್ರ, ನಾ ಹಡದಾಕಿ ಅದೀನ್ರಿ. ನಂಗ ಗೊತ್ತಿಲ್ಲೇನ್ರಿ?"

ಹಡೆದವಳ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ. ಒಂದು ಫೋನು ಮಾಡಿದ್ದರೆ ಆಸ್ಪತ್ರೆಯವರೇ ಹೇಳುತ್ತಿದ್ದರು. ಪಾತ್ರೆ ತೊಳೆಯುವವಳ ಕಾಗದಕ್ಕಾಗಿ ಫೋನು ಮಾಡುವ ಮನುಷ್ಯ ಅವನಲ್ಲ. ಬರೆದ ಶಿಕ್ಷಕಿಯೇ ಎದುರಿಗೆ ನಿಂತು ಹೇಳುತ್ತಿದ್ದಾಳೆ, ಇನ್ನೇನು ಬೇಕು? ಹುಡುಗಿಯ ಹೆಸರಿನ ಮೇಲೆ ಕೆಂಪು ಗೀರು ಎಳೆದ. ಸುಳ್ಳು ವಯಸ್ಸು ತೋರಿಸಿದ್ದಕ್ಕೆ ಎರಡು ವರ್ಷ ಯಾವ ಆಯ್ಕೆಗೂ ಬರಕೂಡದು ಎಂದ. ವ್ಯಾಪಾರಿ ನನಗೆ ಕೈಮುಗಿದ. "ನಿಮ್ಮಂಥಾ ಪ್ರಾಮಾಣಿಕ ಅಕ್ಕೋರು ಇರಬೇಕ ನೋಡ್ರಿ," ಎಂದ.

ಅವಳವ್ವ ಇನ್ನೂ ಮಾತಾಡುತ್ತಲೇ ಇದ್ದಳು. ಅಳುತ್ತ, ತನ್ನ ಮನೆಮಾತಾದ ಕೊಂಕಣಿಗೆ ಹೊರಳಿ, ಯಾರೂ ಕೇಳುತ್ತಿಲ್ಲವೆಂದು ಗೊತ್ತಾದರೂ ನಿಲ್ಲಿಸದೆ. ಆಗ ಹುಡುಗಿ ಅವಳ ತೋಳು ಹಿಡಿದು ಎಳೆದಳು.

"ಸುಮ್ನಿರವ್ವಾ, ಸಾಕ! ಅಕ್ಕೋರು ಯಾಕ ಸುಳ್ಳ ಹೇಳ್ತಾರ? ನಿಂಗ ಓದಾಕ ಬರೂದಿಲ್ಲ, ಬರಿಯಾಕ ಬರೂದಿಲ್ಲ. ನಿಂಗೇನ ಗೊತ್ತ ನಾ ಯಾವಾಗ ಹುಟ್ಟೀನಂತ? ಎಲ್ಲಾ ನಿನ್ನಿಂದ ಹಾಳಾತು."

ಅವಳವ್ವ ಅಲ್ಲಿಗೆ ಬಾಯಿ ಮುಚ್ಚಿದಳು. ಆ ಕ್ಷಣಕ್ಕೆ ನಾನು ಬಾಯಿ ತೆರೆಯಬಹುದಿತ್ತು. ಅಧಿಕಾರಿಗಲ್ಲದಿದ್ದರೂ ಆ ಹುಡುಗಿಗಾದರೂ ಹೇಳಬಹುದಿತ್ತು. ನಾನು ಗ್ಲೌಸುಗಳನ್ನು ಎಣಿಸಿ ಚೀಲಕ್ಕೆ ತುಂಬಿದೆ. ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆ ಇವತ್ತಿಗೂ ಹೋಗಿಲ್ಲ. ಹೋಗಬಾರದು ಕೂಡ.

ದಾಂಡೇಲಿಯ ಬಸ್ಸು ಅರ್ಧ ಖಾಲಿಯಿತ್ತು. ತಾಯಿ ಎಲ್ಲರಿಗಿಂತ ಹಿಂದೆ ಹೋಗಿ ಕಿಟಕಿಗೆ ತಲೆ ಆನಿಸಿ ಕೂತಳು. ಹುಡುಗಿ ಅವಳತ್ತ ನೋಡಲಿಲ್ಲ, ಬಂದು ನನ್ನ ಪಕ್ಕದಲ್ಲಿ ಕೂತಳು. ಬಸ್ಸು ಹಳಿಯಾಳ ಬಿಟ್ಟ ಎಷ್ಟೋ ಹೊತ್ತಿನ ಮೇಲೆ ಕೇಳಿದಳು.

"ಅಕ್ಕೋರ, ಹಂಗಾದ್ರ ನಂಗ ಖರೇನ ಹದಿನೈದ ಏನ್ರಿ?"

"ಹೌದು," ಎಂದೆ.

ಅವಳು ಬೆರಳು ಮಡಚಿ ಎಣಿಸಿದಳು. ಮುಖದಲ್ಲಿ ಒಂದು ಬಗೆಯ ಸಮಾಧಾನವೇ ಇತ್ತು.

"ಹದಿನಾಲ್ಕ ಆಗಿಲ್ಲಂತ ರೆಸಾರ್ಟ್ ಮ್ಯಾನೇಜರ್ ನನ್ನ ಬ್ಯಾಡ ಅಂದಿದ್ರು," ಎಂದಳು. "ಈಗ ತಗೋತಾರಲ್ರಿ? ಒಂದ ಚೀಟಿ ಬರಕೊಡ್ರಿ ಅಕ್ಕೋರ, ನೀವು ಬರದ್ರ ನಂಬ್ತಾರ."