ತುಫೂಲ್ ಖಲಾಸ್ ಎಂದೆ, ಸಲ್ಮಾ ನಂಬಿದಳು

ನನ್ನ ಮೊಮ್ಮಗಳು ಶ್ರಾವ್ಯಾ ಲೈಫ್‌ಗಾರ್ಡ್ ಪರೀಕ್ಷೆ ಪಾಸಾಗಿದ್ದಾಳೆ! ಮುಳುಗುವವರನ್ನು ಎತ್ತುವ ಕೆಲಸಕ್ಕೆ ನಮ್ಮ ಮನೆಯ ಹುಡುಗಿ! ಬೆಳಿಗ್ಗೆ ಈಜುಕೊಳದಿಂದ ಫೋನ್ ಮಾಡಿ "ಅಜ್ಜೀ, ಐ ಪಾಸ್ಡ್!" ಎಂದು ಕಿರುಚಿದಳು. ಒಮಾನಿನ ಅಲ್ ಗುಬ್ರಾದ ನಮ್ಮ ಮಾಳಿಗೆಯ ಅಷ್ಟೂ ಫ್ಲ್ಯಾಟುಗಳ ಬೆಲ್ ಒತ್ತಿ ಹೇಳಿ ಬಂದೆ. ಓದಿದ್ದು ನಾಲ್ಕನೇ ಕ್ಲಾಸು, ಆದರೂ ಇವತ್ತು ಬರೆಯದೆ ಇರಲಾರೆ.

ಮೊನ್ನೆ ಅವಳು ಮೊಬೈಲಿನಲ್ಲಿ ಕೊರಿಯಾ ದೇಶದ ಅಜ್ಜಿಯಂದಿರನ್ನು ತೋರಿಸಿದಳು. ಸಿಲಿಂಡರ್ ಇಲ್ಲದೆ, ಉಸಿರು ಕಟ್ಟಿ ಸಮುದ್ರದ ತಳಕ್ಕೆ ಹೋಗುತ್ತಾರೆ. ಇಂಥವರು ಇಲ್ಲಿ ಒಮಾನಿನಲ್ಲೂ ಇದ್ದಾರೆ, ಅವರ ಜೊತೆ ನಾನು ಕೆಲಸ ಮಾಡಿದ್ದೇನೆ ಎಂದರೆ ನಕ್ಕಳು.

ಇಪ್ಪತ್ತೆರಡು ವರ್ಷಗಳ ಹಿಂದೆ ನಾವು ದಕ್ಷಿಣದ ಮಿರ್ಬಾತ್‌ನಲ್ಲಿದ್ದೆವು. ನಮ್ಮವರು ಮೀನಿನ ಕಂಪನಿಯ ಐಸ್ ಲಾರಿ ಓಡಿಸುತ್ತಿದ್ದರು. ನನಗೆ ದಡದಲ್ಲಿ ಕುಳಿತು ಅಬಲೋನ್ ತೂಗುವ ಕೆಲಸ. ಅಬಲೋನ್ ಎಂದರೆ ಬಂಡೆಗೆ ಅಂಟಿ ಕೂರುವ ಒಂಟಿ ಚಿಪ್ಪಿನ ಜೀವಿ, ನಮ್ಮ ಮಲ್ಪೆಯ ಮರುವಾಯಿ ಚಿಪ್ಪಿಗೆ ದೊಡ್ಡಣ್ಣ. ಅದನ್ನು ಹಿಡಿಯಲು ವರ್ಷಕ್ಕೆ ಕೆಲವೇ ದಿನ ಅನುಮತಿ. ಹೆಂಗಸರು ಮೈತುಂಬ ಉಟ್ಟ ಬಟ್ಟೆಯಲ್ಲೇ, ಕೈಯಲ್ಲಿ ಕಬ್ಬಿಣದ ಸರಳು ಹಿಡಿದು ಮುಳುಗುತ್ತಿದ್ದರು.

ಅವರಲ್ಲಿ ಸಲ್ಮಾ ಮತ್ತು ತುಫೂಲ್ ಬಾಲ್ಯದಿಂದಲೂ ಜೋಡಿ. ಒಬ್ಬಳು ಕೆಳಗಿದ್ದರೆ ಇನ್ನೊಬ್ಬಳು ಮೇಲೆ ತೇಲುತ್ತ ಕಾಯಬೇಕು, ಅದೇ ಅವರ ಕ್ರಮ. ಅಷ್ಟು ಹೊತ್ತಿನ ಉಸಿರನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂದು ಒಮ್ಮೆ ಕೈಸನ್ನೆಯಲ್ಲಿ ಕೇಳಿದೆ.

"ಇವಳ ಉಸಿರು ಗಿಡ್ಡ, ಉಮ್ ದಿನೇಶ್. ನಾಲಿಗೆ ಮಾತ್ರ ಉದ್ದ" ಎಂದಳು ಸಲ್ಮಾ. ದಿನೇಶನ ಅಮ್ಮ ಎಂದು ನನ್ನನ್ನು ಕರೆಯುತ್ತಿದ್ದುದು ಹಾಗೆ.

"ನೀನು ಕೆಳಗಿದ್ದಾಗ ಮೇಲೆ ಬೊಬ್ಬೆ ಹಾಕಲಿಕ್ಕೆ ಉದ್ದ ನಾಲಿಗೆಯೇ ಬೇಕು!" ಎಂದಳು ತುಫೂಲ್.

ಒಂದು ದಿನ ತುಫೂಲ್ ತನ್ನ ಚೀಲ ತಂದು ತೂಗಿಸಿ, ಬಂಡೆಯ ಆ ಬದಿಯಿಂದ ಮತ್ತೆ ನೀರಿಗಿಳಿದಳು. ಈ ಬದಿಯ ನೀರಿನಲ್ಲಿದ್ದ ಸಲ್ಮಾಳಿಗೆ ಅದು ಕಾಣಲಿಲ್ಲ. "ತುಫೂಲ್ ಎಲ್ಲಿ?" ಎಂದು ಕೂಗಿದಳು. ಅರಬ್ಬಿ ಕೇಳಿದರೆ ತಿಳಿಯುತ್ತಿತ್ತು, ಆದರೆ ನನ್ನ ಬಾಯಿಗೆ ಬರುತ್ತಿದ್ದುದು ನಾಲ್ಕೇ ಮಾತು. "ತುಫೂಲ್ ಖಲಾಸ್" ಎಂದೆ, ಅವಳ ತೂಕ ಮುಗಿಯಿತು ಎಂಬ ಅರ್ಥದಲ್ಲಿ. ಗೆಳತಿ ಕೆಲಸ ಮುಗಿಸಿ ಮನೆಗೆ ಹೋದಳು ಎಂದುಕೊಂಡ ಸಲ್ಮಾ ದಡಕ್ಕೆ ಬಂದೇಬಿಟ್ಟಳು.

ಚಹಾ ಕೈಗೆ ಕೊಟ್ಟೆ. "ನನಗೊಂದು ಮಾತು ಹೇಳದೆ ಹೋದಳಲ್ಲ" ಎಂದು ಮುಖ ಊದಿಸಿದಳು.

"ಹೋದದ್ದು ಎಲ್ಲಿಗೆ? ನೀರಿಗೆ!" ಎಂದು ಸಮುದ್ರದ ಕಡೆ ಕೈ ತೋರಿಸಿದೆ.

ಲೋಟ ಕೆಳಗೆ ಬಿತ್ತು. ಸಲ್ಮಾ ಓಡಿ ಹಾರಿದಳು. ಮೇಲೆ ಬಂದವಳ ಕೈ ಬರಿದು. ಮತ್ತೆ ಮುಳುಗಿದಳು. ನಾನು ಸೊಂಟದವರೆಗೆ ನೀರಿನಲ್ಲಿ ನಿಂತು ತುಳುವಿನಲ್ಲಿ ದೇವರನ್ನೆಲ್ಲ ಕರೆಯುತ್ತಿದ್ದೆ. ಆಗ ಎರಡು ತಲೆ ಕಂಡವು. ತುಫೂಲಳ ತೋಳಿನ ಬಟ್ಟೆ ಆಗಷ್ಟೇ ಬಂಡೆಯ ಸಂದಿಗೆ ಸಿಕ್ಕಿತ್ತು. ಸಲ್ಮಾ ಹರಿದು ಬಿಡಿಸಿದ್ದಳು.

ನೀರು ಕಾರಿ ತುಫೂಲ್ ಮೊದಲು ಕೇಳಿದ್ದು, "ನನ್ನ ಚೀಲ ಎಲ್ಲಿ?" ಸಲ್ಮಾ ಒಂದು ಬಾರಿಸಿದಳು. ಆಮೇಲೆ ತಬ್ಬಿ ಅತ್ತಳು.

ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಆ ಕೆಲಸ ಕಲಿಸಿದ್ದು ಇಷ್ಟು: ಒಬ್ಬರ ವಿಷಯ ಕೇಳಿದರೆ ಕಣ್ಣಿಗೆ ಕಂಡದ್ದನ್ನು ಪೂರ್ತಿ ಹೇಳಬೇಕು, ಕಾಯುವವರಿಗೆ ಅರ್ಧ ಮಾತು ಸಾಲುವುದಿಲ್ಲ.

ಇವತ್ತು ಸಂಜೆ ಇದನ್ನೆಲ್ಲ ಹೇಳಿದಾಗ ಶ್ರಾವ್ಯಾ ನಗಲಿಲ್ಲ. ಬಂಗುಡೆ ಪುಳಿಮುಂಚಿ ಘಮಘಮಿಸುತ್ತಿತ್ತು. ದಿನೇಶ ಕೆಳಗೆ ಪಾರ್ಕಿಂಗ್ ಹುಡುಕುತ್ತಿದ್ದ. "ಬಡಿಸಿ ಅತ್ತೆ, ಬರ್ತಾರೆ" ಎಂದಳು ಸೊಸೆ. ಶ್ರಾವ್ಯಾ ತಟ್ಟೆ ದೂರ ಸರಿಸಿ, ಕಿಟಕಿಗೆ ಹೋಗಿ ಬಗ್ಗಿ ನೋಡಿದಳು. "ಪಪ್ಪ ಕಾರಿನಿಂದ ಇಳಿದರು, ಗೇಟು ದಾಟಿದರು, ಲಿಫ್ಟಿನ ಹತ್ತಿರ ಬಂದರು" ಎಂದು ಪೂರ್ತಿ ವರದಿ ಕೊಟ್ಟಳು. ದಿನೇಶ ಬಂದು ಕೈ ತೊಳೆದ ಮೇಲೆ ನಮ್ಮವರೂ ಸೇರಿ ಐದೂ ಜನ ಒಟ್ಟಿಗೆ ಊಟಕ್ಕೆ ಕೂತೆವು.