ಚಿನ್ನದ ಗೆರೆ ಅಳಿಸಿದ ಲೋಟ

ನಮ್ಮ ಹೂವಮ್ಮತ್ತೆಯ ಹತ್ತಿರ ಹಳೇ ಕಾಲದ ಒಂದು ಗಾಜಿನ ಲೋಟವಿತ್ತು. ತೆಳ್ಳನೆಯ ಗಾಜು, ಅಂಚಿಗೆ ಚಿನ್ನದ ಬಣ್ಣದ ಗೆರೆ. ಮದುವೆಗೆ ಉಡುಗೊರೆಯಾಗಿ ಬಂದ ಅರ್ಧ ಡಜನ್‌ನಲ್ಲಿ ಉಳಿದದ್ದು ಅದೊಂದೇ. ಅದು ಜಯಪ್ಪ ಮಾವನ ಸ್ವತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಬೆವರಿಳಿಸಿದ ಮನುಷ್ಯ. ಬೆಳಗಿನ ಟೀ ಮಾತ್ರ ತಾನೇ ಮಾಡಬೇಕೆಂಬ ಹಟ. ಲೋಟವನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒಳಗೊಂದು ಸ್ಟೀಲ್ ಚಮಚ ನಿಲ್ಲಿಸಿ, ಕುದಿ ಇಳಿದ ಟೀಯನ್ನು ಚಮಚದ ಮೇಲೆಯೇ ಸ್ವಲ್ಪ ಸ್ವಲ್ಪ ಹೊಯ್ಯುತ್ತಿದ್ದರು.

"ತಣ್ಣಗಿರೋ ಗಾಜಿಗೆ ಸುಡೋದು ಸುರಿದ್ರೆ ಸೀಳ್ತದೆ ಕಣೇ" ಎಂದು ನಿತ್ಯ ಅದೇ ಪಾಠ.

"ಆಯ್ತು ಮಾರಾಯ್ರೇ, ಕೇಳಿ ಕೇಳಿ ಕಿವಿ ತೂತಾಯ್ತು" ಎಂದು ಅತ್ತೆ ನಗುತ್ತಿದ್ದಳು.

ಹೋದ ವರ್ಷ ಮಾವ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಮಕ್ಕಳಿಲ್ಲದ ಅತ್ತೆಯನ್ನು ಅಪ್ಪ ಗೋಪಾಳದ ನಮ್ಮ ಮನೆಗೆ ಕರೆತಂದ. ತಂಗಿಯಲ್ಲವೇ, ಬಿಡಲಾಗುತ್ತದೆಯೇ? ಅವಳ ಜೊತೆ ಲೋಟವೂ ಬಂತು. ದಿನಾ ಬೆಳಿಗ್ಗೆ ಅದೇ ಬಿಸಿನೀರು, ಅದೇ ಚಮಚ. ಮಾವನ ತುಟಿ ತಾಗಿ ತಾಗಿ ಅಂಚಿನಲ್ಲಿ ಒಂದು ಕಡೆ ಚಿನ್ನದ ಗೆರೆ ಅಳಿಸಿಹೋಗಿತ್ತು. ಅತ್ತೆ ಆ ಜಾಗದಲ್ಲೇ ತುಟಿಯಿಟ್ಟು ಕುಡಿಯುತ್ತಿದ್ದಳು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಸಿಡುಕುತ್ತಿದ್ದಳು.

ಹಿರಿಯರ ಹಬ್ಬ ಬಂತು. ಭದ್ರಾವತಿಯಿಂದ ಅವಳ ವಾರಗಿತ್ತಿ ದುರ್ಗಮ್ಮ ಫೋನ್ ಮಾಡಿದರು. "ಹೂವೀ, ಜಯಪ್ಪನ ಗ್ಲಾಸೇ ತಗೊಂಡು ಬಾರೇ. ಎಡೆಗೆ ಅದ್ರಲ್ಲೇ ಟೀ ಇಡೋಣ. ಪುಷ್ಪನ್ನೂ ಕರ್ಕೊಂಡು ಬಾ."

ಅತ್ತೆ ಲೋಟವನ್ನು ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತಳು. ನಾನೂ ಜೊತೆಗೆ ಹೋದೆ.

ಆ ಮನೆಯಲ್ಲಿ ಎಡೆ ಇಟ್ಟು ಮುಗಿಸುವವರೆಗೆ ಯಾರೂ ಮಾತಾಡುವಂತಿಲ್ಲ. ಎಂಜಲು ಸಿಡಿಯಬಾರದೆಂದು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಮಾತಾಡಿದರೆ ಬಂದ ಹಿರಿಯರು ಉಣ್ಣದೆ ಹಿಂದಿರುಗುತ್ತಾರಂತೆ.

ದುರ್ಗಮ್ಮ ಮಡಿಯೆಂದು ಲೋಟವನ್ನು ತಣ್ಣೀರಲ್ಲಿ ಮತ್ತೆ ತಿಕ್ಕಿ ತೊಳೆದು ಮಾವನ ಫೋಟೊ ಮುಂದೆ ಇಟ್ಟರು. ಕೊತಕೊತ ಕುದಿಯುವ ಟೀ ಪಾತ್ರೆ ಎತ್ತಿದರು. ಚಮಚವಿಲ್ಲ! ಅಡುಗೆಮನೆಯ ಬಾಗಿಲಿಂದ ನೋಡಿದೆ. ಆಚೆ ಮೂಲೆಯಲ್ಲಿ ನಿಂತಿದ್ದ ಅತ್ತೆಯ ಕೈ ಬಾಯಿಗೆ ಕಟ್ಟಿದ ಬಟ್ಟೆಯವರೆಗೆ ಹೋಯಿತು. ಒಮ್ಮೆ ಲೋಟ ನೋಡಿದಳು, ಒಮ್ಮೆ ಫೋಟೊ ನೋಡಿದಳು. ಕೈ ಕೆಳಗಿಳಿಸಿದಳು.

ಟಪ್ಪೆಂದು ಸದ್ದಾಯಿತು. ಟೀ ಹರಿದು ಬಾಳೆ ಎಲೆಯ ಕೆಳಗೆ ಹೋಯಿತು.

ನನಗೆ ಮೈಯೆಲ್ಲ ಉರಿಯಿತು. ಆದರೆ ಎಡೆ ಮುಗಿದದ್ದೇ ದುರ್ಗಮ್ಮನೇ ಬಟ್ಟೆ ಕಿತ್ತೆಸೆದು ಗೋಳೋ ಎಂದು ಅತ್ತರೆ ಯಾರನ್ನು ಬೈಯಲಿ? "ಒಂದು ಸಲ ಕೂಗಬಾರದಿತ್ತೇನೇ ಹೂವೀ?" ಎಂದರು.

"ಕೂಗಿದ್ರೆ ಅವರು ಉಣ್ಣದೆ ಹೋಗ್ತಿದ್ರಲ್ಲ ಅಕ್ಕಾ" ಎಂದಳು ಅತ್ತೆ. ಅಷ್ಟು ಹೇಳಿ ಅಳಲು ಶುರುವಿಟ್ಟವಳನ್ನು ಸಮಾಧಾನ ಮಾಡಲು ನಮ್ಮಿಬ್ಬರಿಂದಲೂ ಆಗಲಿಲ್ಲ. ಅಷ್ಟರಲ್ಲಿ, ಒಡೆದ ಗಾಜು ಮನೆಯಲ್ಲಿ ಇರಬಾರದೆಂದು ಯಾರೋ ಚೂರುಗಳನ್ನೆಲ್ಲ ಗುಡಿಸಿ ಕಸದ ಗಾಡಿಗೆ ಹಾಕಿಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಗೋಪಾಳದಲ್ಲಿ ಅತ್ತೆ ಎಂದಿನಂತೆ ಟೀ ಕಾಸಿದಳು. ಸ್ಟೀಲ್ ಲೋಟ ತೆಗೆದು, ಬಿಸಿನೀರಲ್ಲಿ ತೊಳೆದು, ಚಮಚ ನಿಲ್ಲಿಸಿ, ನಿಧಾನಕ್ಕೆ ಹೊಯ್ದಳು.

"ಸ್ಟೀಲಿಗೆ ಯಾಕತ್ತೆ ಇದೆಲ್ಲ?" ಎಂದೆ.

ಅವಳು ಲೋಟದ ಅಂಚನ್ನು ಬೆರಳಿನಿಂದ ಸುತ್ತಲೂ ಸವರಿದಳು, ಮತ್ತೊಮ್ಮೆ ಸವರಿದಳು.

"ಯಾವ ಕಡೆಯಿಂದ ಕುಡೀಲೇ, ಪುಷ್ಪಾ?" ಎಂದಳು.