ನಲ್ಲಿ ನೀರಿನ ದೂರು ಮತ್ತು ಜರಡಿ ಅಕ್ಕ

ಬೆಳಗಿನ ಐದೂವರೆ. ಅಡುಗೆಮನೆಯ ಕಟ್ಟೆಯ ಮೇಲೆ ಕಾಫಿ ಆರುತ್ತಿದೆ. ಅಕ್ಕನ ಕಣ್ಣು ಲ್ಯಾಪ್‌ಟಾಪಿನಿಂದ ಕದಲುತ್ತಿಲ್ಲ. ಜಾಲತಾಣದ ನಲವತ್ತು ಖಾತೆಗಳು, ನಲವತ್ತು ಹೆಸರುಗಳು, ಒಂದೇ ವಾಕ್ಯ, ಅದರಲ್ಲಿ ಒಂದೇ ಕಾಗುಣಿತದ ತಪ್ಪು. "ನಲವತ್ತು ಜನ ಒಂದೇ ಕಡೆ ಎಡವ್ತಾರೇನ್ರೀ?" ಎನ್ನುತ್ತ ಗುರುತು ಹಾಕುತ್ತಾರೆ.

ಜೊತೆಯವರ ಬಾಯಲ್ಲಿ ಇವರು 'ಜರಡಿ ಅಕ್ಕ'. ಹತ್ತೊಂಬತ್ತು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವರು. ಪತ್ರಿಕೆ ಮುಚ್ಚಿದ ಮೇಲೆ, ಹೊರದೇಶಗಳ ಅಪಪ್ರಚಾರವನ್ನು ಪತ್ತೆಹಚ್ಚುವ ಏಳು ಜನರ ಗುಂಪಿಗೆ ಸೇರಿದರು. ಕಚೇರಿಯೆಂದರೆ ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ದಿನಕ್ಕೆ ಆರುನೂರು ಸಂದೇಶ ಓದುತ್ತಾರೆ. ಬೈಗುಳ, ಬೆದರಿಕೆಗಳ ಲೆಕ್ಕ ಇಟ್ಟಿಲ್ಲ.

ಗುಂಪಿನ ವರದಿ ಸರ್ಕಾರಿ ಇಲಾಖೆಯೊಂದಕ್ಕೆ ಹೋಗುತ್ತದೆ. 'ಹೊರಗಿನದು' ಎಂದು ಗುರುತಾದದ್ದನ್ನು ಇಲಾಖೆ ತೆಗೆಸುತ್ತದೆ. ಈ ನಂಟು ಬೇಕೋ ಬೇಡವೋ ಎಂಬ ಜಟಾಪಟಿ ಗುಂಪಿನೊಳಗೆ ಮೊದಲಿನಿಂದಲೂ ಇದೆ. ಕಳೆದ ತಿಂಗಳು ಅದು ತಾರಕಕ್ಕೇರಿತು. "ನಲ್ಲಿ ನೀರು ನಾರುತ್ತಿದೆ, ಮಕ್ಕಳು ಹಾಸಿಗೆ ಹಿಡಿದಿದ್ದಾರೆ" ಎಂಬ ಸಂದೇಶ ನೂರಾರು ಹೊರಗಿನ ಖಾತೆಗಳಿಂದ ಹಬ್ಬಿತ್ತು. ಇಡೀ ಸುದ್ದಿಯೇ ಹೊರಗಿನವರ ಹುನ್ನಾರವೆಂದು ಬರೆದುಕೊಡಿ ಎಂದರು ಇಲಾಖೆಯ ಅಧಿಕಾರಿ.

ಅಕ್ಕ ಬುಡ ಹುಡುಕಿದರು. ಮೊದಲು ಬರೆದದ್ದು ಇದೇ ಊರಿನ ಬಡಾವಣೆಯೊಂದರ ದಾದಿ. ಎರಡು ಬಸ್ಸು ಬದಲಿಸಿ ಆಕೆಯ ಮನೆಗೇ ಹೋದರು. "ನಲ್ಲಿ ತಿರುಗಿಸ್ದೆ, ಮೂಗು ಮುಚ್ಕೊಂಡೆ. ಒಳಗೆ ಅವ್ರ ಮಗಳು ಜ್ವರದಲ್ಲಿ ನರಳ್ತಿದ್ಲು. ಇದನ್ನ ಹೇಗ್ರೀ ಸುಳ್ಳು ಅನ್ನಲಿ?" ಎನ್ನುತ್ತಾರೆ ಅಕ್ಕ.

ಸಭೆಯಲ್ಲಿ ಗುಂಪಿನ ಹಿರಿಯರು ಒಪ್ಪಲಿಲ್ಲ. "ಇಲಾಖೆ ಕೈಬಿಟ್ರೆ ಸುಳ್ಳು ತೆಗ್ಸೋರು ಯಾರಮ್ಮ?" ಅದೂ ಸರಿಯೇ ಎನ್ನುತ್ತಾರೆ ಅಕ್ಕ. ಮತದಾನದ ತಪ್ಪು ದಿನಾಂಕ ಹಬ್ಬಿದಾಗ ತಾಸಿನೊಳಗೆ ತೆಗೆಸಿದ್ದು ಇದೇ ಇಲಾಖೆ. "ಆದ್ರೆ ಆ ತಾಯಿ ಬಾಯಿ ಮುಚ್ಸೋಕೆ ನಾನು ಸಹಿ ಹಾಕಲ್ಲ ಅಂದ್ಬಿಟ್ಟೆ."

ಮತಕ್ಕೆ ಹಾಕಿದರು. ಹಿರಿಯರ ಕಡೆ ನಾಲ್ಕು ಮತ ಬಿದ್ದಿದ್ದರೆ ವರದಿ ಬದಲಾಗುತ್ತಿತ್ತು, ಮೂರೇ ಬಿದ್ದವು. ಅಕ್ಕನ ವರದಿ ಹಾಗೇ ಹೋಯಿತು: ಹಬ್ಬಿಸಿದವರು ಹೊರಗಿನವರು, ದೂರು ಇಲ್ಲಿಯದೇ, ನಿಜ. ಹತ್ತನೇ ದಿನ ಬೀದಿ ಅಗೆದಾಗ ಕುಡಿಯುವ ನೀರಿನ ಕೊಳವೆಗೆ ಚರಂಡಿ ಸೇರಿದ್ದು ಕಂಡಿತು. ಆದರೆ ಇಲಾಖೆಯಿಂದ ಮೂರು ವಾರದಿಂದ ಸದ್ದಿಲ್ಲ. ಗುಂಪನ್ನು ತಾನೇ ಮುಳುಗಿಸಿದೆನೇನೋ ಎಂಬ ಅಳುಕು ಅಕ್ಕನಿಗೆ. ಇಲಾಖೆಯ ಕರೆ ಬಂತೇನೋ ಎಂದು ಮಾತಿನ ನಡುವೆಯೂ ಫೋನು ತಿರುಗಿಸಿ ನೋಡುತ್ತಾರೆ.

"ಮೊನ್ನೆ ಆ ದಾದಿ ಫೋನ್ ಮಾಡಿದ್ರು. ಮಗಳು ಹುಷಾರಾಗಿದ್ದಾಳಂತೆ. 'ಅವತ್ತು ನೀವು ಬಾಗ್ಲಲ್ಲಿ ನಿಂತಾಗ, ಹಿಡ್ಕೊಂಡು ಹೋಗೋಕೆ ಬಂದ್ರು ಅಂತ ಹೆದ್ರಿಬಿಟ್ಟಿದ್ದೆ' ಅಂದ್ರು. ಅದೇ ಮಾತು ಕೊರೀತಿದೆ. ನನ್ನ ನೋಡಿದ್ರೆ ಯಾರ್ಗೂ ಹಾಗಾಗ್ಬಾರ್ದು ರೀ. ಅಷ್ಟಾದ್ರೆ ಸಾಕು."